ಓದುಗರ ಸ್ಪಂದನ: ಗೆಳೆಯನ ಸಿನಿಮಾಗೆ ಮನೆ ಅಡ ಇಡಬೇಕಾ?

ಸಮಸ್ಯೆ: ನಾನು ಸ್ವತಂತ್ರ ನಿರ್ಮಾಪಕಿ. ಗೆಳೆಯನ ಚಿತ್ರಕಥೆ ಹಿಡಿದು ಏಷ್ಯಾದ ಪ್ರಾಜೆಕ್ಟ್ ಮಾರ್ಕೆಟ್‌ಗಳಿಗೆ (ಇನ್ನೂ ತಯಾರಾಗದ ಸಿನಿಮಾಗೆ ಪಾಲುದಾರರನ್ನು, ದುಡ್ಡನ್ನು ಹುಡುಕುವ ಮೇಳಗಳಿಗೆ) ಓಡಾಡುತ್ತಿದ್ದೇನೆ. ಹೊರದೇಶದ ಸಹನಿರ್ಮಾಪಕರೊಬ್ಬರು ಆಸಕ್ತಿ ತೋರಿಸಿದ್ದಾರೆ. ಆದರೆ ನಿಮ್ಮ ದೇಶದ ಪಾಲಿನ ದುಡ್ಡು ಎಲ್ಲಿ ಅಂತ ಕೇಳುತ್ತಾರೆ. ಮನೆ ಅಡ ಇಡಲೋ, ಕೆಲಸವನ್ನೇ ಬಿಡಲೋ?

ಮನೆಪತ್ರ ಬೀರುವಿನಲ್ಲೇ ಇರಲಿ. ದುಡ್ಡಿನ ಬಗ್ಗೆ ಅಷ್ಟುದ್ದ ಬರೆದಿದ್ದೀರಿ. ಗೆಳೆಯನ ಜೊತೆ ಏನು ಕರಾರು ಆಗಿದೆ ಅಂತ ಒಂದು ಸಾಲೂ ಇಲ್ಲ. ನನಗೆ ಭಯ ಆಗಿದ್ದು ಅಲ್ಲೇ. ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಒಮ್ಮೆ ಓದಿ. ಚಿತ್ರಕಥೆಯ ಹಕ್ಕು ನಿಮಗೆ ಬರಬೇಕಾದರೆ ಬರಹದಲ್ಲಿ, ಸಹಿ ಸಮೇತ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ. ಯಾವ ದೇಶಗಳಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇನ್ನೊಂದು ಪೇಚಿದೆ: ಬೇರೆ ಥರ ಬರೆದುಕೊಂಡಿರದಿದ್ದರೆ, 1 ವರ್ಷದೊಳಗೆ ಬಳಸದ ಹಕ್ಕು ಬಿದ್ದುಹೋಗುತ್ತದೆ. ಇಂಥ ಸಿನಿಮಾ ಶೂಟಿಂಗ್‌ವರೆಗೆ ಹೋಗೋಕೇ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ, ಅಲ್ವಾ? ಆ ಸಹನಿರ್ಮಾಪಕರ ವಕೀಲರು ಮೊದಲು ಕೇಳೋದೇ ಈ ಕಾಗದ. "ನಮ್ಮಿಬ್ಬರ ಮಧ್ಯೆ ಇದೆಲ್ಲ ಯಾಕೆ" ಅಂತ ಗೆಳೆಯ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಈಗಲೇ ಆಗಿಹೋಗೋದು ವಾಸಿ.
(ವಕೀಲರು)

ಆ ಸಹನಿರ್ಮಾಪಕರು ದೇಶದ ಪಾಲು ಕೇಳಿದ್ದು ನಿಮ್ಮ ಮೇಲಿನ ಅನುಮಾನಕ್ಕಲ್ಲ. ಅವರು ಸಣ್ಣ ಪಾಲುದಾರರಾಗಿ ಬರುತ್ತಾರೆ. ಅವರ ದೇಶದ ಫಂಡ್‌ಗೆ, ಅಂದರೆ ಸಿನಿಮಾಗೆ ನೆರವು ಕೊಡುವ ನಿಧಿಗೆ, ಅರ್ಜಿ ಹಾಕುವಾಗ ಮೂಲ ದೇಶದಲ್ಲಿ ಏನಿದೆ ಅಂತ ತೋರಿಸಬೇಕಾಗುತ್ತದೆ. ಆದರೆ ಅದೆಲ್ಲ ನೋಟಿನ ಕಟ್ಟೇ ಆಗಬೇಕಿಲ್ಲ. ಆಮೇಲೆ ತಗೊಳ್ಳುವ ನಿಮ್ಮ ಸಂಭಾವನೆ, ಗುರುತಿನವರ ಕ್ಯಾಮೆರಾ, ಎಡಿಟಿಂಗ್ ರೂಮು, ಎಲ್ಲಕ್ಕೂ ಬೆಲೆ ಕಟ್ಟಿ ಕಾಗದದಲ್ಲಿ ತೋರಿಸಿ. ಎಷ್ಟು ಒಪ್ಪುತ್ತಾರೆ ಅನ್ನೋದು ಫಂಡ್ ಮೇಲೆ ಹೋಗುತ್ತದೆ, ಕೇಳಿ ನೋಡಿ. ಬಜೆಟ್‌ನಲ್ಲಿ ನಿರ್ಮಾಪಕರ ಸಂಭಾವನೆಯ ಸಾಲೇ ಬಿಟ್ಟಿದ್ದರೆ ಇವತ್ತೇ ಸೇರಿಸಿ. ಸುಮ್ನೆ ದುಡಿಯುವವರ ಬಜೆಟ್ಟನ್ನು ಯಾರೂ ನಂಬಲ್ಲ.

ದಕ್ಷಿಣ ಕೊರಿಯಾದ ಬೂಸಾನ್‌ನ ಮಾರ್ಕೆಟ್ 1998ರಿಂದ ಇದೆ, ಗೋವಾದ ಫಿಲ್ಮ್ ಬಜಾರ್ 2007ರಿಂದ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ಫಂಡ್ ಚಿತ್ರಕಥೆ ಹಂತದಲ್ಲೇ ನೆರವು ಕೊಡುತ್ತದೆ. ಬರ್ಲಿನ್‌ನ ವರ್ಲ್ಡ್ ಸಿನಿಮಾ ಫಂಡ್‌ಗೆ ಜರ್ಮನಿಯ ನಿರ್ಮಾಪಕರು ಜೊತೆಗಿರಬೇಕು. ಮಾರ್ಕೆಟ್ ಟೇಬಲ್‌ಗಳಲ್ಲಿ ನಮ್ಮವರು ಮಾಡೋದೇನು ಗೊತ್ತಾ? ಸಿಕ್ಕಿದ ಅರ್ಧ ಗಂಟೆ ಪೂರ್ತಿ ಕಥೆ ಹೇಳೋದು. ನಾಯಕನ ಬಾಲ್ಯ ಮುಗಿಯೋ ಹೊತ್ತಿಗೆ ಮುಂದಿನವರು ಕುರ್ಚಿ ಹಿಂದೆ ನಿಂತಿರುತ್ತಾರೆ. ಕಥೆಯನ್ನು ಎದುರು ಕೂತವರು ಓದಿಕೊಂಡೇ ಬಂದಿರುತ್ತಾರೆ ಮಾರಾಯ್ರೆ! ದುಡ್ಡು ಎಲ್ಲೆಲ್ಲಿಂದ, ಯಾವಾಗ, ಅದನ್ನು ಹೇಳಿ.
(ಲೈನ್ ಪ್ರೊಡ್ಯೂಸರ್)

ನಮ್ಮ ಯಜಮಾನರದ್ದೂ ಇದೇ ಕೆಲಸ. ಸಿನಿಮಾ ಫೆಸ್ಟಿವಲ್ ಸುತ್ತಿತು, ಫೋಟೋ ಪೇಪರಲ್ಲಿ ಬಂತು, ಮನೆಗೆ ದುಡ್ಡು ಮಾತ್ರ ಬರಲಿಲ್ಲ. ಸಿನಿಮಾವನ್ನು ಬೇರೆ ಬೇರೆ ದೇಶಗಳಿಗೆ ಮಾರಿಕೊಡುವ ಸೇಲ್ಸ್ ಏಜೆಂಟ್ ಮೊದಲು ಕಮಿಷನ್ ಮುರಿದುಕೊಳ್ಳುತ್ತಾರೆ, ಆಮೇಲೆ ಪ್ರಚಾರದ ಖರ್ಚು. ಉಳಿದದ್ದು ನಮಗೆ. ಅಡ ಇಟ್ಟ ಮನೆಯ ಬಡ್ಡಿ ಅಲ್ಲಿವರೆಗೆ ಕಾಯುತ್ತಾ? ಇವರು ಜಾಹೀರಾತು ಶೂಟಿಂಗ್‌ಗಳಲ್ಲಿ ದುಡಿದು ಸಂಸಾರ ತೂಗಿಸಿದರು, ಈಗಲೂ ಹಾಗೇ. ಬಿಡಿ ಅಂತ ನಾನು ಹೇಳಲ್ಲ. ಸೇಲ್ಸ್ ಒಪ್ಪಂದ ಬಂದಾಗ ಏಜೆಂಟರ ಖರ್ಚಿಗೆ ಒಂದು ಮಿತಿ ಹಾಕಿಸಿ, ಅಷ್ಟೇ.
(ನಿರ್ಮಾಪಕರ ಪತ್ನಿ)