ಹಾಸಿಗೆಯಲ್ಲಿ ಎಂಟೂವರೆ ಗಂಟೆ, ನಿದ್ದೆ ಐದೂವರೆ ಗಂಟೆ: ಮಲಗುವ ಅವಧಿ ಕಡಿಮೆ ಮಾಡಿಸುವುದು ಹೇಗೆ?

ತುಂಬೆಹೂವು (ಪ್ರಶ್ನೆ)

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಇರುವವರಿಗೆ ನಿದ್ದೆಯ ಅಭ್ಯಾಸದ ಬಗ್ಗೆಯೂ ಸಲಹೆ ಕೊಡುತ್ತೇವೆ. ಒಬ್ಬರ ಲೆಕ್ಕದಲ್ಲಿ ನಿಮ್ಮ ಸಹಾಯ ಬೇಕು. 54 ವರ್ಷದ ಗಂಡಸು, ದಿನಸಿ ಅಂಗಡಿ, ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಎರಡು ವಾರ ನಿದ್ದೆಯ ಡೈರಿ ಬರೆಸಿದೆ. ಸರಾಸರಿ ಹೀಗಿದೆ: ಹಾಸಿಗೆ ಸೇರುವುದು ರಾತ್ರಿ 9:30, ಏಳುವುದು ಬೆಳಿಗ್ಗೆ 6:00. ನಿದ್ದೆ ಹತ್ತಲು 45 ನಿಮಿಷ. ಎರಡೂವರೆ ಮೂರರ ಹೊತ್ತಿಗೆ ಎಚ್ಚರವಾಗಿ 1 ಗಂಟೆ 45 ನಿಮಿಷ ಹೊರಳಾಟ. 5:30ಕ್ಕೆ ಪೂರ್ತಿ ಎಚ್ಚರವಾದರೂ ಅರ್ಧ ಗಂಟೆ ಬಿದ್ದುಕೊಂಡೇ ಇರುತ್ತಾರೆ. ಸಿಕ್ಕ ನಿದ್ದೆ 5 ಗಂಟೆ 30 ನಿಮಿಷ. ಐದಾರು ತಿಂಗಳಿಂದ ವಾರಕ್ಕೆ ಐದು ರಾತ್ರಿಯಾದರೂ ಇದೇ ಕಥೆ.

ಮನೆಯವರು ‘ಇನ್ನೂ ಬೇಗ ಮಲಗಿ’ ಎಂದು ಒತ್ತಾಯಿಸುತ್ತಿದ್ದಾರೆ. ಅದರಿಂದ ಹೊರಳಾಟವೇ ಹೆಚ್ಚಾಗುತ್ತದೆ ಎಂಬುದು ನನ್ನ ಅನಿಸಿಕೆ. ಹಾಸಿಗೆಯ ಸಮಯ ಕಡಿಮೆ ಮಾಡಿಸುವ ವಿಧಾನವನ್ನು ಇವರಿಗೆ ಹೇಳಬಹುದೇ? ಹೇಳಿದರೆ ಎಷ್ಟರಿಂದ ಶುರು ಮಾಡಬೇಕು?

ಶರಾವತಿ_ದಡ

ಹೇಳಬಹುದು, ಆದರೆ ಮೊದಲು ಮೂರು ವಿಷಯ ಖಚಿತಪಡಿಸಿಕೊಳ್ಳಿ. ಇವನ್ನು ಬಿಟ್ಟು ಹಾಸಿಗೆಯ ಸಮಯಕ್ಕೆ ಕೈಹಾಕುವುದು ತಪ್ಪು.

ಗ್ಲಿಮೆಪಿರೈಡ್ ಎಂದಿರಿ. ಅದು ರಾತ್ರಿ ಸಕ್ಕರೆಯನ್ನು ತೀರಾ ಇಳಿಸಬಲ್ಲದು. ಮೂರು ಗಂಟೆಗೆ ಬೆವರು, ಎದೆಬಡಿತ, ಕೈ ನಡುಕದೊಂದಿಗೆ ಎಚ್ಚರವಾಗುತ್ತಿದೆಯೇ ಕೇಳಿ. ಎರಡು ಮೂರು ರಾತ್ರಿ ಎಚ್ಚರವಾದ ಹೊತ್ತಿಗೇ ಗ್ಲುಕೋಮೀಟರ್‌ನಲ್ಲಿ ನೋಡಲಿ. 70ಕ್ಕಿಂತ ಕಡಿಮೆ ಬಂದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಬೆಳಿಗ್ಗೆ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣ ಬದಲಿಸಿಕೊಳ್ಳಬೇಕು. ಅಂಥವರಿಗೆ ನಿದ್ದೆಯ ಅಭ್ಯಾಸ ಹೇಳಿಕೊಟ್ಟು ಪ್ರಯೋಜನವಿಲ್ಲ, ಎಬ್ಬಿಸುತ್ತಿರುವುದು ಮಾತ್ರೆ.

ಸಕ್ಕರೆ ಹೆಚ್ಚಾದರೂ ಎಚ್ಚರವೇ. ರಕ್ತದಲ್ಲಿ ಸುಮಾರು 180 ದಾಟಿದರೆ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ ಎಂದು ಡೈರಿಯಲ್ಲಿ ಒಂದು ಕಾಲಂ ಸೇರಿಸಿ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗುತ್ತಿದ್ದರೆ ಬೆಳಗಿಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಮೂರನೆಯದು ಗೊರಕೆ. ಹೆಂಡತಿಯನ್ನೇ ಕೇಳಿ: ಗೊರಕೆ ಮಧ್ಯೆ ನಿಂತು, ಸ್ವಲ್ಪ ಹೊತ್ತು ಉಸಿರೇ ಇಲ್ಲದೆ, ಆಮೇಲೆ ಜೋರಾಗಿ ಉಸಿರೆಳೆದುಕೊಳ್ಳುತ್ತಾರೆಯೇ? ದರ್ಜಿಯ ಟೇಪಿನಲ್ಲಿ ಕುತ್ತಿಗೆ ಅಳೆಯಿರಿ. 40 ಸೆಂ.ಮೀ. ದಾಟಿದ್ದು, ಬಿಪಿಯೂ ಇದ್ದು, ಹಗಲು ಗಲ್ಲಾದ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದರೆ ಸ್ಲೀಪ್ ಅಪ್ನಿಯಾ ಪರೀಕ್ಷೆಗೆ ಕಳಿಸಿ. ಉಸಿರು ಕಟ್ಟಿದಾಗಲೆಲ್ಲ ಮೆದುಳು ಎಚ್ಚೆತ್ತು ಬಿಪಿ ಮೇಲಕ್ಕೆ ಹಾರುತ್ತದೆ. ಆರೋಗ್ಯವಂತರಲ್ಲಿ ನಿದ್ದೆಯಲ್ಲಿ ಬಿಪಿ ಶೇ. 10ರಿಂದ 20 ಇಳಿಯಬೇಕು, ಇವರಿಗೆ ಆ ಬಿಡುವೇ ಸಿಗುವುದಿಲ್ಲ.

ಮರಳುಗಡಿಯಾರ

ಮೇಲಿನ ಮೂರೂ ಇಲ್ಲವೆಂದಾದರೆ ನಿಮ್ಮ ಅನಿಸಿಕೆ ಸರಿ. 8 ಗಂಟೆ 30 ನಿಮಿಷದಲ್ಲಿ 5 ಗಂಟೆ 30 ನಿಮಿಷ ಎಂದರೆ ಶೇ. 65. ಇದು ಶೇ. 85ಕ್ಕೆ ಬರಬೇಕು. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ನಿದ್ದೆಯ ಒತ್ತಡ ಕಟ್ಟುತ್ತದೆ. ಬೇಗ ಮಲಗಿದರೆ ಅದು ಸಾಕಷ್ಟು ಕಟ್ಟಿರುವುದಿಲ್ಲ, ನಿದ್ದೆ ತೆಳುವಾಗಿ ಹರಡಿ ಮಧ್ಯೆ ಹರಿಯುತ್ತದೆ. ಇದನ್ನು ಆಧರಿಸಿ ಅಮೆರಿಕದ ನಿದ್ದೆ ತಜ್ಞ ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ವಿವರಿಸಿದ ಕ್ರಮವೇ ನೀವು ಕೇಳುತ್ತಿರುವುದು. ಹಳೆಯ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ಅಭ್ಯಾಸ ಚಿಕಿತ್ಸೆಯನ್ನೇ ಕೊಡಿ ಎಂದು ಅಲ್ಲಿನ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಹೇಳಿತು.

ಏಳುವ ಹೊತ್ತನ್ನು ಮೊದಲು ಗೂಟ ಹೊಡೆದ ಹಾಗೆ ನಿಲ್ಲಿಸಿ: 5:30. ಭಾನುವಾರಕ್ಕೂ ಅದೇ, ನಿದ್ದೆಗೆಟ್ಟ ಮರುದಿನಕ್ಕೂ ಅದೇ. ಅಲ್ಲಿಂದ ಹಿಂದಕ್ಕೆ ಎಣಿಸಿ. ಕಟ್ಟುನಿಟ್ಟಿನ ಲೆಕ್ಕದಲ್ಲಿ ರಾತ್ರಿ 12ಕ್ಕೆ ಮಲಗಬೇಕು. ಶುಗರ್ ಇರುವವರಿಗೆ ನಾನು ಅರ್ಧ ಗಂಟೆ ಸಡಿಲ ಬಿಡುತ್ತೇನೆ: 11:30ರಿಂದ 5:30, ಒಟ್ಟು 6 ಗಂಟೆ. ಎಂಥ ಸಂದರ್ಭದಲ್ಲೂ 5 ಗಂಟೆಗಿಂತ ಕೆಳಗೆ ಇಳಿಸಬೇಡಿ. ವಾರಕ್ಕೊಮ್ಮೆ ಸರಾಸರಿ ತೆಗೆಯಿರಿ. ಶೇ. 85 ದಾಟಿದರೆ 15 ನಿಮಿಷ ಬೇಗ ಮಲಗಿಸಿ, 80ರಿಂದ 85ರ ನಡುವೆ ಇದ್ದರೆ ಮುಟ್ಟಬೇಡಿ, 80ಕ್ಕಿಂತ ಕಡಿಮೆಯಾದರೆ 15 ನಿಮಿಷ ಕತ್ತರಿಸಿ. ಕೊನೆಗೆ 7 ಗಂಟೆಯ ಹತ್ತಿರ ತಂದು ನಿಲ್ಲಿಸುವುದೇ ಗುರಿ. ಕಡಿಮೆ ನಿದ್ದೆಗೆ ಒಗ್ಗಿಸುವ ಉದ್ದೇಶ ಇದಕ್ಕಿಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಆರೋಗ್ಯವಂತ ಯುವಕರನ್ನು 6 ರಾತ್ರಿ ಕೇವಲ 4 ಗಂಟೆ ಮಲಗಿಸಿದಾಗ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಸಿದಿತ್ತು. ಆದ್ದರಿಂದ ಕಡಿತದ ವಾರಗಳು ಲಂಬಿಸಬಾರದು.

ಮೂರು ಗಂಟೆಗೆ ಎಚ್ಚರವಾದರೆ ಗಡಿಯಾರ ನೋಡಬಾರದು, ಮೊಬೈಲಂತೂ ಬೇಡವೇ ಬೇಡ. ಕಾಲು ಗಂಟೆ ಆಗಿರಬಹುದು ಎನಿಸಿದರೆ ಎದ್ದು ಹಜಾರಕ್ಕೆ ಬರಲಿ. ಮಂದ ಬೆಳಕಿನಲ್ಲಿ ಅವರೆಕಾಯಿ ಬಿಡಿಸಲಿ, ಹೂಬತ್ತಿ ಹೊಸೆಯಲಿ, ಬಟ್ಟೆ ಮಡಚಲಿ. ಅಂಗಡಿಯ ಸಾಲದ ಲೆಕ್ಕದ ಪುಸ್ತಕ ಮಾತ್ರ ಕೈಗೆ ಸಿಗಬಾರದು. ಸುಸ್ತು ಬೇರೆ, ತೂಕಡಿಕೆ ಬೇರೆ. ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವ ಹಾಗಾದಾಗಲೇ ಹಾಸಿಗೆಗೆ ಮರಳಬೇಕು.

ಮೂರ್ಛೆರೋಗ ಅಥವಾ ಬೈಪೋಲಾರ್ (ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆ) ಇರುವವರಿಗೆ, ಲಾರಿ ಬಸ್ಸು ಓಡಿಸುವವರಿಗೆ, ಅಡಿಕೆ ಮರ ಹತ್ತುವವರಿಗೆ ಈ ಕಡಿತ ಹೇಳಬೇಡಿ. ಮೊದಲ ಎರಡು ವಾರ ಹಗಲು ತೂಕಡಿಕೆ ಇದ್ದೇ ಇರುತ್ತದೆ.

ಬಯಲುಸೀಮೆ_ಗಾಳಿ

ಲೆಕ್ಕ ಸರಿ ಇದೆ. ಆದರೆ 9:30ರಿಂದ 11:30ರವರೆಗೆ ಇವರನ್ನು ಎಚ್ಚರವಾಗಿಡುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ಹೆಚ್ಚಿನವರು ಸೋಲುವುದು ಅಲ್ಲೇ. ಧಾರಾವಾಹಿ ನೋಡುತ್ತಾ ಕುರ್ಚಿಯಲ್ಲಿ 20 ನಿಮಿಷ ಕಣ್ಣು ಮುಚ್ಚಿದರೂ ದಿನವಿಡೀ ಕಟ್ಟಿದ ಒತ್ತಡ ಸೋರಿಹೋಗುತ್ತದೆ. ಇವರಿಗೆ ನಿದ್ದೆ ಹತ್ತಲು 45 ನಿಮಿಷ ಬೇಕಾಗುತ್ತಿರುವುದಕ್ಕೆ ಇದೂ ಕಾರಣ ಇರಬಹುದು, ಡೈರಿಯಲ್ಲಿ ಕೇಳಿ. ಒರಗುವ ಕುರ್ಚಿ ಬಿಟ್ಟು ಸ್ಟೂಲ್ ಮೇಲೆ ಕೂರಲಿ, ಊಟದ ನಂತರ ಅಂಗಳದಲ್ಲಿ ಅಡ್ಡಾಡಲಿ.

ಬೆಳಕಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲರಿಗೂ ಬೆಳಗಿನ ಬಿಸಿಲು ಒಳ್ಳೆಯದು ಎಂದು ಹೇಳಿಬಿಡುತ್ತೇವೆ. ತಡವಾಗಿ ಮಲಗುವ ಹುಡುಗರಿಗೆ ಅದು ನಿಜ. ಸಂಜೆಯೇ ಕಣ್ಣೆಳೆದು ನಸುಕಿಗೇ ಎಚ್ಚರವಾಗುವವರ ದೇಹದ ಗಡಿಯಾರ ಮುಂದೆ ಓಡಿರುತ್ತದೆ. ಅವರಿಗೆ ಐದರಿಂದ ಆರರ ಇಳಿಬಿಸಿಲಿನಲ್ಲಿ ಅರ್ಧ ಗಂಟೆ ನಡೆಯುವುದು ಹೆಚ್ಚು ಸಹಾಯಕ. ಮಳೆಗಾಲದ ಮೋಡ ಕವಿದ ಹಗಲಿನಲ್ಲೂ ಹೊರಗಿನ ಬೆಳಕು ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಹಲವು ಪಟ್ಟು ಹೆಚ್ಚು.

ಕಾಫಿ, ಟೀ ಮಧ್ಯಾಹ್ನ 2ಕ್ಕೆ ಮುಗಿಯಲಿ. ಕುಡಿದದ್ದರಲ್ಲಿ ಅರ್ಧ ಕೆಫೀನ್ ಐದಾರು ಗಂಟೆಯ ನಂತರವೂ ರಕ್ತದಲ್ಲೇ ಇರುತ್ತದೆ. ‘ನನ್ನದು ಚಿಕೋರಿ ಪುಡಿ’ ಎನ್ನುವವರಿಗೆ ತಿಳಿಸಿ: ಚಿಕೋರಿಯಲ್ಲಿ ಕೆಫೀನ್ ಇಲ್ಲ ನಿಜ, ಆದರೆ ಅದರ ಜೊತೆ ಬೆರೆಸಿದ ಕಾಫಿಯಲ್ಲಿದೆ. ‘ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ’ ಎಂಬುದು ರಾತ್ರಿಯ ಮೊದಲರ್ಧಕ್ಕೆ ಮಾತ್ರ, ಮದ್ಯ ಇಳಿಯುತ್ತಿದ್ದಂತೆ ಎರಡನೆಯ ಅರ್ಧ ಒಡೆದು ಚೂರಾಗುತ್ತದೆ.

ಬೇಸಿಗೆಯಲ್ಲಿ ತಾರಸಿ ಮನೆಯಾದರೆ ಹಗಲು ಹೀರಿದ ಕಾವು ನಡುರಾತ್ರಿವರೆಗೂ ಕೋಣೆಗೆ ಇಳಿಯುತ್ತಲೇ ಇರುತ್ತದೆ. ತಾರಸಿಗೆ ಸುಣ್ಣ ಬಳಿಸಲಿ, ಸಂಜೆ ನೀರು ಚಿಮುಕಿಸಲಿ. ಮಲಗುವ ಒಂದೂವರೆ ಗಂಟೆ ಮೊದಲು ಬೆಚ್ಚನೆ ನೀರಿನ ಸ್ನಾನವೂ ಕೆಲಸ ಮಾಡುತ್ತದೆ. ಅಂಗೈ ಅಂಗಾಲಿಗೆ ರಕ್ತ ಹರಿದು ಒಳಗಿನ ಕಾವು ಹೊರಗೆ ಹೋಗುತ್ತದೆ, ದೇಹ ತಣಿದಾಗ ನಿದ್ದೆ ಬೇಗ ಹತ್ತುತ್ತದೆ.

ತುಂಬೆಹೂವು

ಎಲ್ಲರಿಗೂ ಧನ್ಯವಾದ. ಸಂಜೆಯ ತೂಕಡಿಕೆಯನ್ನು ಡೈರಿಯಲ್ಲಿ ಕೇಳಿಯೇ ಇರಲಿಲ್ಲ, ಕಾಲಂ ಸೇರಿಸುತ್ತೇನೆ. ಇನ್ನೆರಡು ಪ್ರಶ್ನೆ: ಮಧ್ಯಾಹ್ನದ ಊಟದ ನಂತರ ಅಂಗಡಿ ಮುಚ್ಚಿ ಮಲಗುವ ರೂಢಿ ಇದೆ, ಪೂರ್ತಿ ಬಿಡಿಸಬೇಕೇ? ಅವರ ಮಗ ಕೊಡಿಸಿದ ವಾಚ್ ನಿದ್ದೆ 7 ಗಂಟೆ ಎಂದು ತೋರಿಸುತ್ತದೆ, ಯಾವುದನ್ನು ನಂಬಲಿ?

ಮರಳುಗಡಿಯಾರ

ಡೈರಿಯನ್ನು ನಂಬಿ. ಅಲುಗಾಡದೆ ಮಲಗಿದ್ದನ್ನೂ ವಾಚ್ ಎಷ್ಟೋ ಸಲ ನಿದ್ದೆ ಎಂದೇ ಎಣಿಸುತ್ತದೆ. ಡೈರಿಯನ್ನು ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆಯಬೇಕು, ರಾತ್ರಿ ಎದ್ದು ನಿಮಿಷ ಎಣಿಸಿ ಬರೆಯುವುದು ಬೇಡ.

ಮಧ್ಯಾಹ್ನದ ನಿದ್ದೆ ಮೊದಲ ವಾರಗಳಲ್ಲಿ ಬೇಡ. ತಡೆಯಲಾಗದಷ್ಟು ತೂಕಡಿಕೆ ಬಂದು, ಸಂಜೆ ಸರಕು ತರಲು ಬೈಕ್ ಓಡಿಸಬೇಕಿದ್ದರೆ ಮಾತ್ರ 3 ಗಂಟೆಯೊಳಗೆ 20 ನಿಮಿಷ, ಅಲಾರಂ ಇಟ್ಟು. ಅರ್ಧ ಗಂಟೆ ಮೀರಿದರೆ ಗಾಢ ನಿದ್ದೆಗೆ ಇಳಿದು, ಎದ್ದ ಮೇಲೆ ತಲೆ ಭಾರವಾಗುತ್ತದೆ. ಮೊದಲ ವಾರ ಮುಗಿದಾಗ ಸರಾಸರಿ ಇಲ್ಲೇ ಹಾಕಿ, ಮಲಗುವ ಹೊತ್ತನ್ನು ಬದಲಿಸಬೇಕೇ ಬೇಡವೇ ನೋಡೋಣ.