ಹಳೇ ರೈಲು ದಾರಿ ಮೇಲೆ ಸೈಕಲ್: ದಾವಣಗೆರೆಯಲ್ಲಿ ಆಗುತ್ತಾ?

ವಿದ್ಯಾನಗರ_ಪೆಡಲ್: ಮಗಳ ಮನೆಗೆ ಅಂತ ಇಂಗ್ಲೆಂಡಿಗೆ ಹೋದಾಗ ಬ್ರಿಸ್ಟಲ್‌ನಿಂದ ಬಾತ್‌ವರೆಗೆ ಸೈಕಲ್ ಹೊಡೆದೆ. 21 ಕಿ.ಮೀ., ಪೂರ್ತಿ ಡಾಂಬರು. ಮೊದಲು ಅದು ರೈಲು ಲೈನು. 1960ರ ದಶಕದಲ್ಲಿ ಪ್ಯಾಸೆಂಜರ್ ಗಾಡಿ ನಿಂತಿತು, ಆಮೇಲೆ 1979ರಿಂದ 1986ರ ನಡುವೆ ಸ್ವಯಂಸೇವಕರು ಸೇರಿ ಸೈಕಲ್ ದಾರಿ ಮಾಡಿದರು. ಸ್ಟೇಪಲ್ ಹಿಲ್ ಹತ್ರ ಸುಮಾರು ಅರ್ಧ ಕಿಲೋಮೀಟರ್ ಸುರಂಗ ಇದೆ, ಒಳಗೆ ದೀಪ ಉರಿಯುತ್ತೆ. ಬಿಟ್ಟನ್ ಸ್ಟೇಷನ್‌ನಲ್ಲಿ ಪಕ್ಕದ ಹಳಿ ಮೇಲೆ ಈಗಲೂ ಉಗಿಬಂಡಿ ಓಡಿಸುತ್ತಾರೆ. ನಮ್ಮ ಕಡೆನೂ ಇಂಥದ್ದೊಂದು ಮಾಡಬಹುದಲ್ವಾ?

ಜಾಜೂರು_ಜಂಕ್ಷನ್: ಸರ್, ಅಲ್ಲಿ ಲೈನು ಸತ್ತಿದ್ದಕ್ಕೆ ದಾರಿ ಆಯ್ತು. ನಷ್ಟದ ಲೈನು ಮುಚ್ಚಿ ಅಂದ 1963ರ ಬೀಚಿಂಗ್ ವರದಿ ಆದಮೇಲೆ ಬ್ರಿಟನ್‌ನಲ್ಲಿ ಸಾವಿರಾರು ಮೈಲಿ ಲೈನು ಮುಚ್ಚಿದರು. ನಮ್ಮಲ್ಲಿ ಚಿಕ್ಕಜಾಜೂರು–ಚಿತ್ರದುರ್ಗ–ರಾಯದುರ್ಗ ಮೀಟರ್ ಗೇಜ್ ಇತ್ತು, ಅದರ ಹಳಿನೇ ಅಗಲ ಮಾಡಿ ಬ್ರಾಡ್ ಗೇಜ್ ಮಾಡಿದರು. ಖಾಲಿ ಬಿದ್ದ ಲೈನು ಎಲ್ಲಿಂದ ತರ್ತೀರಿ? ತುಮಕೂರು–ದಾವಣಗೆರೆ ಲೈನಿಗೆ ವರ್ಷಗಟ್ಟಲೆ ಕಾದ ಜನ ನಾವು. ನಮಗೆ ಮೊದಲು ರೈಲು ಬೇಕು.

ದುರ್ಗದ_ಹೈದ: ಹಳಿ ಪಕ್ಕ ಕಾಲುದಾರಿ ಇರುತ್ತಲ್ಲ ಗುರು, ದಿನಾ ಜನ ಓಡಾಡ್ತಾರೆ.

ಜಾಜೂರು_ಜಂಕ್ಷನ್: ಓಡಾಡ್ತಾರೆ, ಸಿಕ್ಕಿಬಿದ್ರೆ ಗೊತ್ತಾಗುತ್ತೆ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಏರಿಮೇಲಿನ_ನಡಿಗೆ: ನಂದು ಬೇರೆ ತಕರಾರು. ಡಾಂಬರು ಹಾಕಿದ ಕೂಡಲೇ ಸೈಕಲ್‌ನವರದ್ದೇ ರಾಜ್ಯ. ಕೆರೆ ಏರಿ ಮೇಲೆ ಬೆಳಿಗ್ಗೆ ವಾಕ್ ಮಾಡುವಾಗ ಹುಡುಗರು ಬೆಲ್ಲೂ ಹೊಡೆಯದೆ ಮೊಣಕೈ ಸವರಿಕೊಂಡೇ ಹೋಗ್ತಾರೆ, ನಮ್ಮತ್ತೆ ಅಂತೂ ಹೆದರಿ ಬರೋದೇ ಬಿಟ್ಟರು. ಅಮೆರಿಕದ ಮಿಸೌರಿಯಲ್ಲಿ ಕೇಟಿ ಟ್ರೇಲ್ ಅಂತ ಇದೆ, ಅದೂ ಹಳೇ ರೈಲು ದಾರಿನೇ, 380 ಕಿ.ಮೀ. ಮೇಲಿದೆ. ಅಲ್ಲಿ ಹೆಚ್ಚಿನ ಕಡೆ ಬರೀ ಸುಣ್ಣದಕಲ್ಲಿನ ಪುಡಿ ಹಾಸಿದ್ದಾರೆ. ಮಂಡಿಗೂ ಒಳ್ಳೇದು.

ವಿದ್ಯಾನಗರ_ಪೆಡಲ್: ಮೇಡಂ, ಬ್ರಿಸ್ಟಲ್‌ನಲ್ಲೂ ಆಫೀಸಿಗೆ ಹೋಗೋರ ಅವಸರ ಇದ್ದೇ ಇದೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಸೈಕಲ್ ಓಡಿಸೋದು ನಮ್ಮಂಥ ವಯಸ್ಸಾದವರಿಗೂ ಸುಲಭ. ರೈಲಿಗೆ ಕಡಿದಾದ ಏರು ಆಗಲ್ಲ, ನೂರು ಮೀಟರಿಗೆ ಒಂದೆರಡು ಮೀಟರ್ ಏರಿದರೇ ಜಾಸ್ತಿ. ದಿಬ್ಬ ಕಡಿದು, ತಗ್ಗು ತುಂಬಿ ಸಮ ಮಾಡಿರುತ್ತಾರೆ.

ದುರ್ಗದ_ಹೈದ: ಹಾಗಾದ್ರೆ ನಮ್ಮ ಜೋಗಿಮಟ್ಟಿ ಬೆಟ್ಟಕ್ಕೆ ಒಂದ್ಸಲ ಸೈಕಲ್ ತನ್ನಿ ಸರ್ 😀

ಜಾಜೂರು_ಜಂಕ್ಷನ್: ಏರು ಇಲ್ಲದ ದಾರಿ ಬೇಕು ಅಷ್ಟೇ ತಾನೇ? ಭದ್ರಾ ನಾಲೆ ಏರಿ ಇದೆಯಲ್ಲ! ನೀರು ತಾನಾಗೇ ಹರಿಯಬೇಕು, ಹಂಗಾಗಿ ನಾಲೆ ಇಳಿಜಾರು ರೈಲಿಗಿಂತ ಕಮ್ಮಿ. ಎರಡೂ ಕಡೆ ಭತ್ತದ ಗದ್ದೆ. ಹಳಿ ಕೀಳೋದೂ ಬೇಡ.

ಏರಿಮೇಲಿನ_ನಡಿಗೆ: ಇದು ಸರಿ! ಆದ್ರೆ ಕೊಯ್ಲು ಬಂತಂದ್ರೆ ಏರಿ ಮೇಲೆ ಬರೀ ಟ್ರ್ಯಾಕ್ಟರ್. ಅದು ರೈತರ ದಾರಿ, ಅವರನ್ನು ಬಿಡಿಸಿ ನಾವು ವಾಕ್ ಮಾಡೋದಾ? ನೀರು ಬಿಟ್ಟಾಗ ಮಕ್ಕಳು ಜಾರಿದ್ರೆ? ತಡೆಗೋಡೆ ಆದ್ರೂ ಬೇಕು.

ವಿದ್ಯಾನಗರ_ಪೆಡಲ್: ತಡೆಗೋಡೆ ಖಂಡಿತ ಬೇಕು. ಡಾಂಬರು ಮಾತ್ರ ನಾನು ಬಿಡಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ಮೇಲೆ ಸೈಕಲ್ ಇಳಿಸಿ ನೋಡಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಚಕ್ರನೇ ತಿರುಗಲ್ಲ, ಕಡ್ಡಿ ತಗೊಂಡು ಕೆರೀತಾ ಕೂರಬೇಕು.

ಏರಿಮೇಲಿನ_ನಡಿಗೆ: ಎರೆಮಣ್ಣಲ್ಲಿ ಓಡಿಸಿ ಅಂತ ಯಾರಂದ್ರು? ಗರಸು ಹಾಕಿ ರೋಲರ್ ಹೊಡೆಸಿ. ಏಪ್ರಿಲ್ ಬಿಸಿಲಿಗೆ ನಿಮ್ಮ ಡಾಂಬರು ಹತ್ತು ಗಂಟೆಗೇ ಕಾದಿರುತ್ತೆ, ಒಂದು ಹೊಂಗೆ ಮರನೂ ಇಲ್ಲದಿದ್ರೆ ಯಾರು ಬರ್ತಾರೆ?

ದುರ್ಗದ_ಹೈದ: ಮೊದಲು ನೀರಾವರಿಯವರು ಒಪ್ಪಲಿ, ಆಮೇಲೆ ಗರಸಾ ಡಾಂಬರಾ ಅಂತ ಜಗಳ ಆಡಿ. ಅರ್ಜಿ ಬರೆಯೋರು ಯಾರು?

ಜಾಜೂರು_ಜಂಕ್ಷನ್: ನಾನು ಬರೀತೀನಿ. ತಡೆಗೋಡೆ, ಮರ ಎರಡೂ ಹಾಕ್ತೀನಿ. ಡಾಂಬರು ಹಾಕಲ್ಲ, ಸಾರಿ ಸರ್.