ಟ್ರಂಕಿನ ತಳದಲ್ಲಿರುವ ಅರ್ಧ ಕೌದಿ

ಮಗಳೇ, ನಿನ್ನೆ ರಾತ್ರಿ ಬಳ್ಳಾರಿಯಿಂದ ನೀನು ಈ ಗುಂಪಿಗೆ ಕಳಿಸಿದ ಮಾತನ್ನು ಎರಡು ಸಲ ಕೇಳಿಸಿಕೊಂಡೆ. ದೀಪಾವಳಿಯಿಂದ ಈಚೆಗೆ ಸೂಜಿ ಹಿಡಿದಿಲ್ಲ, ಕತ್ತರಿಸಿಟ್ಟ ತುಂಡುಗಳನ್ನು ಕಂಡರೆ ಎದೆ ಭಾರವಾಗುತ್ತದೆ, ಅರ್ಧ ಮುಗಿದ ಕೌದಿಯನ್ನು ಟ್ರಂಕಿನ ತಳಕ್ಕೆ ಹಾಕಿದ್ದೇನೆ, ಬಟ್ಟೆಯ ಗಂಟನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಲೇ ಎಂದು ಕೇಳಿದ್ದೀಯ. ಅದಕ್ಕೆ ನಿನ್ನ ಅವ್ವ, ಅಂದರೆ ರಾಯಚೂರಿನ ನನ್ನ ತಂಗಿ, ಇದು ಬರೀ ಆಲಸ್ಯ, ಕುಳಿತು ನಾಲ್ಕು ಸಾಲು ಹೊಲಿದರೆ ತಾನಾಗಿ ಹೋಗುತ್ತದೆ ಎಂದು ಬರೆದಿದ್ದಾಳೆ. ತಂಗಿ, ನಾನು ಅಡ್ಡ ಮಾತಾಡುತ್ತಿದ್ದೇನೆಂದು ಬೇಸರ ಮಾಡಿಕೊಳ್ಳಬೇಡ. ಈ ದಾರಿಯಲ್ಲಿ ನಾನೂ ಒಮ್ಮೆ ನಡೆದು ಬಂದವಳು. ಟೈಪ್ ಮಾಡುತ್ತ ಕುಳಿತರೆ ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆಂದು ಬಾಯಿಂದಲೇ ಹೇಳುತ್ತಿದ್ದೇನೆ, ಸ್ವಲ್ಪ ಉದ್ದವಾದೀತು, ಸಾವಕಾಶವಾಗಿ ಕೇಳಿರಿ.

ಆಲಸ್ಯವಾಗಿದ್ದರೆ ಕೆಲಸ ಬಿಟ್ಟದ್ದು ನಿನಗೆ ಹಿತವಾಗಿರಬೇಕಿತ್ತು. ಹಿತವಾಗಿಲ್ಲ, ಟ್ರಂಕಿನ ಕಡೆ ನೋಡುವುದಕ್ಕೂ ಅಂಜುತ್ತಿದ್ದೀಯ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ, ನಿಮ್ಮ ವಯಸ್ಸಿನವರು ಬರ್ನ್‌ಔಟ್ ಎನ್ನುವ ಈ ಬಳಲಿಕೆಯನ್ನು ರೋಗವೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಿತು. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನ ಕೈಯಿಂದ ಏನೂ ಸರಿಯಾಗಿ ಆಗುತ್ತಿಲ್ಲವೆನಿಸುವುದು, ಈ ಮೂರು ಅದರ ಗುರುತುಗಳು. ಉದ್ಯೋಗದ ಹೊರಗಿನ ಬದುಕಿಗೆ ಈ ಮಾತನ್ನು ಬಳಸಬಾರದೆಂದೂ ಆ ವಿವರಣೆಯಲ್ಲಿದೆ. ಹಾಗಿದ್ದರೆ ಖುಷಿಗೆಂದು ಕೌದಿ ಹೊಲಿಯುವ ನಿನ್ನಲ್ಲಿ ಆ ಮೂರೂ ಏಕೆ ಕಾಣಿಸಿದವು? ನಿನ್ನ ಕೌದಿ ನಿನಗೇ ತಿಳಿಯದಂತೆ ಉದ್ಯೋಗವಾಗಿತ್ತು, ನನ್ನವ್ವ. ಮೊದಲನೆಯದನ್ನು ಅಣ್ಣನ ಕೂಸಿಗೆ ಹೊಲಿದೆ. ಅದರ ಫೋಟೋ ನೋಡಿದ ಗೆಳತಿಯರು ಕೇಳಿದರು, ಗೆಳತಿಯರ ಗೆಳತಿಯರು ಕೇಳಿದರು, ದಸರೆಯ ಹೊತ್ತಿಗೆ ಎಂಟು ಆರ್ಡರ್ ಬಂದಿದ್ದವು, ಪ್ರತಿಯೊಂದರ ಜೊತೆಗೂ ಥೇಟ್ ಹೀಗೇ ಇರಬೇಕೆಂಬ ಒಂದು ಚಿತ್ರ ಬಂದಿತ್ತು. ನೌಕರಿ ಮುಗಿಸಿ ಮನೆಗೆ ಬಂದು ಎರಡನೆಯ ನೌಕರಿಗೆ ಕುಳಿತುಕೊಳ್ಳುವುದನ್ನು ಯಾರ ಮೈಯೂ ಬಹಳ ದಿನ ತಾಳುವುದಿಲ್ಲ.

ನನ್ನದೂ ಹೀಗೆಯೇ ಆಗಿತ್ತು. ಏಳು ವರ್ಷದ ಹಿಂದೆ ಒಂದು ಅಂಗಡಿಯವರು ಒಂದೇ ಅಳತೆಯ, ಒಂದೇ ಬಣ್ಣದ ಹನ್ನೆರಡು ಕೌದಿ ಬೇಕೆಂದರು, ನಾನು ಹಿಗ್ಗಿ ಒಪ್ಪಿಕೊಂಡೆ. ಆರನೆಯದಕ್ಕೆ ಬರುವಷ್ಟರಲ್ಲಿ ಬಟ್ಟೆ ನನಗೆ ಬಟ್ಟೆಯಾಗಿ ಕಾಣುತ್ತಿರಲಿಲ್ಲ, ಇಷ್ಟು ಇಂಚಿನ ಚೌಕವಾಗಿ ಕಾಣುತ್ತಿತ್ತು. ಹನ್ನೆರಡನ್ನೂ ಮುಗಿಸಿ ಕೊಟ್ಟೆ, ನಂತರ ಹದಿನಾಲ್ಕು ತಿಂಗಳು ಸೂಜಿ ಮುಟ್ಟಲಿಲ್ಲ. ಆಗ ಯಾರಿಗೂ ಹೇಳಲಿಲ್ಲ, ಕಣ್ಣು ಮಂಜಾಗಿದೆಯೆಂದು ನೆಪ ಹೇಳಿದೆ. ನೀನು ಬಾಯಿಬಿಟ್ಟು ಹೇಳಿದ್ದು ನನಗಿಂತ ಜಾಣತನದ ಕೆಲಸ.

ಮತ್ತೆ ನನ್ನ ಕೈಗೆ ಸೂಜಿ ಕೊಟ್ಟದ್ದು ನನ್ನ ಅಜ್ಜಿಯ ಹರಕು ಕೌದಿ. ಮಳೆಗಾಲಕ್ಕೆ ಮುಂಚೆ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿದಾಗ ಅದರ ಒಂದು ಅಂಚು ಬಿಚ್ಚಿಕೊಂಡದ್ದು ಕಂಡಿತು, ಹೊಲಿಯಬೇಕೆಂದಲ್ಲ, ಇನ್ನಷ್ಟು ಹರಿಯದಿರಲೆಂದು ಮಡಿಲ ಮೇಲೆ ಎಳೆದುಕೊಂಡೆ. ಮೇಲೆ ಇಳಕಲ್ಲ ಸೀರೆಯ ಕೆಂಪು ಸೆರಗಿನ ತುಂಡು, ಅದರ ಕೆಳಗೆ ಅಜ್ಜನ ಧೋತರ, ಒಳಗೆ ಇನ್ನೂ ಎರಡು ಪದರ. ಸಾವಿರ ಸಲ ಒಗೆದು ಮೆತ್ತಗಾದ ಆ ಬಟ್ಟೆಯೊಳಗೆ ಸೂಜಿ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಅಜ್ಜಿಯ ಸಾಲುಗಳು ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತವೆ. ಒಂದು ಕಡೆ ಜೋಳದ ಕಾಳಿನಷ್ಟು ಸಣ್ಣ ಹೊಲಿಗೆ, ಅಲ್ಲಿಂದ ಗೇಣು ಅಂತರದಲ್ಲಿ ಅದರ ಎರಡರಷ್ಟು ಉದ್ದದ ಹೊಲಿಗೆ. ಹೊತ್ತು ಮುಳುಗುತ್ತಿತ್ತೇನೋ, ತೊಟ್ಟಿಲಲ್ಲಿ ಕೂಸು ಅಳುತ್ತಿತ್ತೇನೋ. ಅವಳು ಅದನ್ನು ಬಿಚ್ಚಿ ಮತ್ತೆ ಹೊಲಿಯಲಿಲ್ಲ, ಮುಂದೆ ಹೋದಳು. ಆ ಉದ್ದ ಹೊಲಿಗೆಯ ಮೇಲೆ ಬೆರಳು ಆಡಿಸುತ್ತ ನಾನು ಬಹಳ ಹೊತ್ತು ಕುಳಿತಿದ್ದೆ. ಅಂದು ಒಂದು ಮೊಳದಷ್ಟು ಅಂಚು ಹೊಲಿದೆ, ಯಾರಿಗೂ ಫೋಟೋ ಕಳಿಸಲಿಲ್ಲ.

ಇದರ ಜೊತೆಗೆ ನಾನು ಓದಿ ತಿಳಿದ ಒಂದು ಸಂಗತಿಯನ್ನು ಹೇಳಲೇಬೇಕು. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿಯ ಕಪ್ಪು ಜನಾಂಗದ ಹೆಣ್ಣುಮಕ್ಕಳು ಹೊಲದ ಕೆಲಸದ ಹಳೆಯ ಪ್ಯಾಂಟು, ಅಂಗಿಗಳಿಂದ ನಮ್ಮ ಹಾಗೆಯೇ ಮನಸ್ಸಿಗೆ ಬಂದಂತೆ ಕೌದಿ ಹೊಲಿಯುತ್ತಿದ್ದರು. 1966ರಲ್ಲಿ ಆ ಭಾಗದ ಹೆಣ್ಣುಮಕ್ಕಳು ಸೇರಿ ಒಂದು ಸಹಕಾರಿ ಸಂಘ ಕಟ್ಟಿದರು, ದೊಡ್ಡ ದೊಡ್ಡ ಅಂಗಡಿಗಳಿಂದ ಆರ್ಡರ್ ಬಂದವು, ಕೈಗೆ ನಾಲ್ಕು ಕಾಸು ಬಂತು, ಆದರೆ ಅಲ್ಲಿ ಎಲ್ಲವೂ ಒಂದೇ ಅಳತೆಯಲ್ಲಿ, ಒಂದೇ ನಮೂನೆಯಲ್ಲಿ ಇರಬೇಕಾಗಿತ್ತು. 1972ರ ನಂತರ ಕಾರ್ಡುರಾಯ್ ಬಟ್ಟೆಯ ದಿಂಬುಗವಸು ಹೊಲಿಯುವಾಗ ಉಳಿದ ತುಂಡುಗಳು ಊರಿನ ಮನೆಗಳಿಗೆ ಹೋದವು, ಆ ತುಂಡುಗಳಿಂದ ಅವರು ತಮ್ಮ ಮನೆಗೆಂದು ತಮಗೆ ತೋಚಿದಂತೆ ಕೌದಿ ಹೊಲಿದುಕೊಂಡರು. 2002ರಲ್ಲಿ ಹೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆಯ ಮೇಲೆ ಜನ ನಿಂತು ನೋಡಿದ್ದು ಹೀಗೆ ಮನೆಗೆಂದು ಹೊಲಿದುಕೊಂಡ ಕೌದಿಗಳನ್ನು. ದುಡಿಮೆಯನ್ನು ಅವರು ಬಿಡಲಿಲ್ಲ, ಆದರೆ ಉಳಿದ ತುಂಡಿನ ಮೇಲೆ ಯಾರ ಮಾತನ್ನೂ ನಡೆಯಗೊಡಲಿಲ್ಲ. ನಿನ್ನಲ್ಲಿ ಈಗ ಇಲ್ಲದೆ ಹೋಗಿರುವುದು ಆ ಉಳಿದ ತುಂಡು ಎಂದು ನನಗೆ ಅನಿಸುತ್ತದೆ.

ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಕೆಲಸದ ಮುಂದೆ ನನ್ನದು ಏನು ಎಂದೂ ನೀನು ಹೇಳಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಒಟ್ಟಿಗೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆಯಾದ ಆ 1,755 ಲಂಬಾಣಿ ಕಸೂತಿ ವಸ್ತುಗಳ ಹಿಂದೆ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ ಕೈಯಿತ್ತು. ಅಷ್ಟು ಜನರ ಕೈಯ ಎದುರಿಗೆ ನಿನ್ನ ಒಂದೇ ಕೈಯನ್ನು ನಿಲ್ಲಿಸಿ ಅಳೆಯುವುದು ನ್ಯಾಯವಲ್ಲ.

ಇನ್ನು ಮಾಡಬೇಕಾದದ್ದು. ಮುಂಗಡ ತೆಗೆದುಕೊಂಡ ಎರಡು ಆರ್ಡರುಗಳ ದುಡ್ಡನ್ನು ಈ ವಾರವೇ ಮರಳಿಸಿಬಿಡು, ಸದ್ಯ ಆಗುವುದಿಲ್ಲವೆಂದು ನೇರವಾಗಿ ಹೇಳು. ದುಡ್ಡಿನ ಅಡಚಣೆಯಿದ್ದರೆ ನನಗೆ ಬೇರೆಯಾಗಿ ಫೋನ್ ಮಾಡು, ಗುಂಪಿನಲ್ಲಿ ಬೇಡ. ಬಟ್ಟೆಯ ಗಂಟನ್ನು ಯಾರಿಗೂ ಕೊಡಬೇಡ. ಕಣ್ಣೆದುರು ಇರುವುದು ಕಷ್ಟವಾದರೆ ಕೊಪ್ಪಳಕ್ಕೆ ಕಳಿಸು, ನನ್ನ ಅಟ್ಟದ ಮೇಲೆ ಇರಲಿ. ಅಗ್ಗಕ್ಕೆ ಸಿಗುತ್ತವೆಂದು ತಂದಿಟ್ಟುಕೊಂಡ ಜೀನ್ಸ್ ತುಂಡುಗಳನ್ನಂತೂ ಈಗ ಮುಟ್ಟಲೇಬೇಡ, ಮೂರು ಪದರ ಸೇರಿದರೆ ಕೈಸೂಜಿ ಹೋಗದೆ ಬೆರಳ ತುದಿ ಬಾತುಕೊಳ್ಳುತ್ತದೆ, ನಿನ್ನ ದಣಿವಿನಲ್ಲಿ ಅರ್ಧ ಪಾಲು ಅದರದ್ದೇ ಇರಬಹುದು. ಹೊಸದನ್ನು ಶುರು ಮಾಡಬೇಡ. ಮನೆಯಲ್ಲಿ ಅಂಚು ಹರಿದ ಹಳೆಯ ಕೌದಿ ಇದ್ದೇ ಇರುತ್ತದೆ, ಮನಸ್ಸಾದ ದಿನ ಅದಕ್ಕೆ ಒಂದು ದಾರದಷ್ಟು ಹೊಲಿ, ದಾರ ಮುಗಿದರೆ ಎದ್ದುಬಿಡು. ಬೆಳಗಿನ ತಂಪಿನಲ್ಲಿ ಕುಳಿತುಕೋ, ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ಮಡಿಲ ಮೇಲೆ ಕೌದಿ ಹೊದ್ದು ಕುಳಿತರೆ ಗಟ್ಟಿ ಮನಸ್ಸಿನವರಿಗೂ ಬೇಸರ ಬರುತ್ತದೆ. ಮನಸ್ಸಾಗದ ದಿನ ಬೇಡ, ಅದಕ್ಕೆ ಲೆಕ್ಕ ಇಡಬೇಡ. ಸೂಜಿಯಷ್ಟೇ ಅಲ್ಲದೆ ಊಟ, ನಿದ್ದೆ, ಮಾತು ಕೂಡ ಬೇಡವಾಗಿದ್ದರೆ ಮಾತ್ರ ತಡ ಮಾಡದೆ ವೈದ್ಯರನ್ನು ಕಾಣು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.

ತಂಗಿ, ನೀನು ಅವಳನ್ನು ಒಂದೆರಡು ತಿಂಗಳು ಕೌದಿ ಎಲ್ಲಿಗೆ ಬಂತೆಂದು ಕೇಳಬೇಡ, ಅಷ್ಟು ಮಾಡಿದರೆ ದೊಡ್ಡ ಉಪಕಾರ.

ಮಗಳೇ, ರಜೆ ಸಿಕ್ಕ ಭಾನುವಾರ ಹುಬ್ಬಳ್ಳಿ ಕಡೆಯ ರೈಲು ಹತ್ತಿ ಕೊಪ್ಪಳದಲ್ಲಿ ಇಳಿ. ಆ ಅರ್ಧ ಕೌದಿಯನ್ನು ತರಬೇಕೆಂಬ ಒತ್ತಾಯವಿಲ್ಲ, ಬರೀ ಕೈಯಲ್ಲಿ ಬಾ. ಅಜ್ಜಿಯ ಕೌದಿಯ ಇನ್ನೊಂದು ಮೂಲೆಯೂ ಬಿಚ್ಚಿಕೊಂಡಿದೆ. ಕೊನೆಯ ಮೂಲೆ ಮುಚ್ಚುವ ಮುಂಚೆ, ಕೌದಿ ಹಸಿದಿರಬಾರದೆಂದು ಅವಳು ಒಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದಳು. ನಾನು ಆ ಮೂಲೆಯನ್ನು ಹೊಲಿಯದೆ ನಿನಗಾಗಿ ಹಾಗೆಯೇ ಇಟ್ಟಿರುತ್ತೇನೆ.